ಫಸ್ಟ್ ಇಯರ್ ಇಂಜಿನಿಯರಿಂಗ್‌ಗೆ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್: ಎಲ್ಲಿ ಅಂಕ ತರುತ್ತದೆ, ಎಲ್ಲಿ ಕಳೆಯುತ್ತದೆ

ಪಿಯುಸಿ ಮುಗಿಸಿ ಇಂಜಿನಿಯರಿಂಗ್‌ಗೆ ಬಂದವರಲ್ಲಿ ಹೆಚ್ಚಿನವರಿಗೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಹೊಸ ವಸ್ತು. ಕೆಸಿಇಟಿಯಲ್ಲಿ ಅದನ್ನು ಒಳಗೆ ಒಯ್ಯುವ ಹಾಗೇ ಇಲ್ಲ. ಅಡ್ಮಿಷನ್ ಆದ ವಾರ ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲೋ ಧಾರವಾಡದ ಸುಭಾಸ ರಸ್ತೆಯಲ್ಲೋ ಒಂದು ಕ್ಯಾಲ್ಕುಲೇಟರ್ ಕೊಂಡು, ಕೂಡಿಸು-ಕಳೆ-ಗುಣಿಸು ಮತ್ತು ಸೈನ್-ಕಾಸ್ ಬಿಟ್ಟು ಬೇರೆ ಬಟನ್ ಮುಟ್ಟದೆ ಮೊದಲ ಇಂಟರ್ನಲ್ಸ್‌ಗೆ ಕೂಡುವವರೇ ಜಾಸ್ತಿ. 417 ಫಂಕ್ಷನ್ ಇರುವ ಯಂತ್ರಕ್ಕೆ ರೊಕ್ಕ ಕೊಟ್ಟು ಹತ್ತು ಫಂಕ್ಷನ್ ಬಳಸಿದಂತೆ ಆಯಿತು ಇದು. ಆದ್ದರಿಂದ ಇದನ್ನು ಪರೀಕ್ಷೆ ಹಾಲ್‌ನಲ್ಲಿ ಏನು ಕೆಲಸಕ್ಕೆ ಬರುತ್ತದೆ ಎಂಬ ಒಂದೇ ಲೆಕ್ಕದಲ್ಲಿ ನೋಡೋಣ.

ಮೊದಲು ಗ್ರೇಡಿನ ಗಣಿತ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಕೊನೆಯ ಪರೀಕ್ಷೆ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ. 90 ಮುಟ್ಟಿದರೆ ‘ಓ’ ಗ್ರೇಡ್, ಹತ್ತು ಪಾಯಿಂಟ್. ಇಂಟರ್ನಲ್ಸ್‌ನಲ್ಲಿ 46 ಬಂದವರಿಗೆ ಕೊನೆಯ ಪರೀಕ್ಷೆಯಲ್ಲಿ 88 ಸಾಕು. 40 ಬಂದವರು ನೂರಕ್ಕೆ ನೂರು ತೆಗೆಯಬೇಕು. ಅಂದರೆ ಇಂಟರ್ನಲ್ಸ್‌ನ ಐವತ್ತರಲ್ಲಿ ಗಡಿಬಿಡಿಯ ಲೆಕ್ಕದಿಂದ ಹೋದ ಒಂದು ಅಂಕವನ್ನು ಆಮೇಲೆ ತುಂಬಿಕೊಳ್ಳಲು ದೊಡ್ಡ ಪರೀಕ್ಷೆಯಲ್ಲಿ ಎರಡು ಅಂಕ ಬೇಕು. ಈ ಸ್ಕೀಮ್‌ನಲ್ಲಿ ಮೊದಲ ವರ್ಷದ ಒಂದು ಸೆಮಿಸ್ಟರ್‌ಗೆ 20 ಕ್ರೆಡಿಟ್, ಅದರಲ್ಲಿ ಗಣಿತದ್ದೇ 4. ಗಣಿತದಲ್ಲಿ ಒಂದು ಗ್ರೇಡ್ ಮೇಲೆ ಹತ್ತಿದರೆ ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) 0.2 ಏರುತ್ತದೆ. ಒಂದು ಕ್ರೆಡಿಟ್ಟಿನ ವಿಷಯದಲ್ಲಿ ಅದೇ ಏರಿಕೆಗೆ ಸಿಗುವುದು 0.05 ಮಾತ್ರ. ವಿದ್ಯಾನಗರದ ಕೆಎಲ್‌ಇ ಟೆಕ್, ಧಾರವಾಡದ ಎಸ್‌ಡಿಎಂ ಇವುಗಳದು ತಮ್ಮದೇ ಪರೀಕ್ಷಾ ಪದ್ಧತಿ, ಅಂಕದ ಹಂಚಿಕೆ ಬೇರೆ ಇರಬಹುದು. ಆದರೆ ಗಣಿತದ ತೂಕ ಎಲ್ಲ ಕಡೆಯೂ ದೊಡ್ಡದೇ.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ನಮೂನೆ. 991ಎಂಎಸ್ ಅಗ್ಗ, ಎರಡು ಸಾಲಿನ ಹಳೆಯ ಡಿಸ್‌ಪ್ಲೇ. 991ಇಎಸ್ ಪ್ಲಸ್ (ಈಗ ‘ಸೆಕೆಂಡ್ ಎಡಿಷನ್’ ಎಂದು ಬಾಕ್ಸ್ ಮೇಲೆ ಇರುತ್ತದೆ) ಸಾವಿರದ ಮೇಲೆ ಕೆಲವು ನೂರು ರೂಪಾಯಿ. ಅದಕ್ಕೂ ಮೇಲಿನದು ಕ್ಲಾಸ್‌ವಿಜ್ ಸಾಲಿನ 991ಸಿಡಬ್ಲ್ಯು. ಮೊದಲ ವರ್ಷಕ್ಕೆ ನಮ್ಮ ಆಯ್ಕೆ ನಡುವಿನದು. ಎಂಎಸ್‌ನಲ್ಲಿ ಭಿನ್ನರಾಶಿ, ವರ್ಗಮೂಲ ಪುಸ್ತಕದಲ್ಲಿ ಇದ್ದ ಹಾಗೆ ಕಾಣುವುದಿಲ್ಲ, ಟೇಬಲ್ ಮೋಡ್ ಇಲ್ಲ. ಬ್ರ್ಯಾಕೆಟ್ ಎಲ್ಲಿ ತಪ್ಪಿತು ಎಂದು ಹುಡುಕುವುದರಲ್ಲೇ ಎರಡು ನಿಮಿಷ ಹೋಗುತ್ತದೆ. ಸಿಡಬ್ಲ್ಯು ಒಳ್ಳೆಯ ಯಂತ್ರ, ಸ್ಕ್ರೀನ್ ಇನ್ನೂ ಸ್ಪಷ್ಟ. ಆದರೆ ಬಟನ್‌ಗಳ ಜಾಗವೇ ಬದಲಾಗಿದೆ, ಎಷ್ಟೋ ಕೆಲಸ ಮೆನು ಒಳಗೆ ಹೋಗಿದೆ. ಹಾಸ್ಟೆಲ್‌ನಲ್ಲಿ ಸೀನಿಯರ್ ಅಕ್ಕನೋ ಅಣ್ಣನೋ ‘ಶಿಫ್ಟ್ ಒತ್ತಿ ನಾಲ್ಕು ಒತ್ತು’ ಎಂದು ಹೇಳಿಕೊಡುವ ದಾರಿಗಳು ಅದರಲ್ಲಿ ನಡೆಯುವುದಿಲ್ಲ. ಎದುರು ಕೂತು ಕಲಿಸುವವರು ಇದ್ದಾರೆ ಎಂಬುದು ಇಎಸ್ ಪ್ಲಸ್‌ನ ದೊಡ್ಡ ಲಾಭ.

ಕೊಳ್ಳುವಾಗ ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ವರ್ಗಮೂಲ 8 ಒತ್ತಿದರೆ 2 ವರ್ಗಮೂಲ 2 ಎಂದು ಬರಬೇಕು. ಮೇಲಿನ ಸೋಲಾರ್ ಪಟ್ಟಿಯನ್ನು ಹೆಬ್ಬೆರಳಿನಿಂದ ಪೂರ್ತಿ ಮುಚ್ಚಿ ಹಿಡಿಯಿರಿ, ಅಕ್ಷರ ಮಸುಕಾದರೆ ಒಳಗಿನ ಸೆಲ್ ಸತ್ತಿದೆ. ಮೂರನೆಯದು, ಇಂಟಿಗ್ರಲ್ ಬಟನ್ ಒತ್ತಿ 0ರಿಂದ 1ರವರೆಗೆ 1 ÷ (1 + ಎಕ್ಸ್²) ಹಾಕಿ. ಉತ್ತರ ಪೈ ÷ 4, ಅಂದರೆ 0.7854 ಆಗಬೇಕು. ನಕಲಿ ಮಾಲಿನಲ್ಲಿ ಬಟನ್ ಮೇಲಿನ ಅಕ್ಷರ ಬೇಗ ಅಳಿಸುತ್ತದೆ, ಒತ್ತಿದ್ದು ಒಮ್ಮೊಮ್ಮೆ ಎರಡು ಸಲ ಬೀಳುತ್ತದೆ. ಬಿಲ್ ಮತ್ತು ವಾರಂಟಿ ಚೀಟಿ ಕೊಡದ ಕಡೆ ನೂರಿನ್ನೂರು ಉಳಿಸಲು ಹೋಗಬೇಡಿ.

ಮನೆಗೆ ತಂದ ಮೇಲೆ ಮಾಡುವ ಮೊದಲ ಕೆಲಸ ಸೆಟ್ಟಿಂಗ್. ಶಿಫ್ಟ್, ಮೋಡ್, 4 ಒತ್ತಿದರೆ ರೇಡಿಯನ್. ಶಿಫ್ಟ್, ಮೋಡ್, 3 ಒತ್ತಿದರೆ ಡಿಗ್ರಿ. ಸ್ಕ್ರೀನಿನ ಮೇಲಂಚಿನಲ್ಲಿ ರೇಡಿಯನ್‌ಗೆ ಆರ್, ಡಿಗ್ರಿಗೆ ಡಿ ಎಂಬ ಪುಟ್ಟ ಅಕ್ಷರ ಕಾಣುತ್ತದೆ. ಈ ಒಂದು ಅಕ್ಷರದಿಂದ ಹೋದಷ್ಟು ಅಂಕ ಬೇರೆ ಯಾವುದರಿಂದಲೂ ಹೋಗುವುದಿಲ್ಲ. ಸೈನ್ ಎಕ್ಸ್ ಅನ್ನು 0ರಿಂದ ಪೈ ÷ 2ರವರೆಗೆ ಇಂಟಿಗ್ರೇಟ್ ಮಾಡಿದರೆ ಉತ್ತರ 1. ಡಿಗ್ರಿಯಲ್ಲಿ ಇಟ್ಟು ಮಾಡಿದರೆ 0.0215 ಬರುತ್ತದೆ. ಇದು ಎದ್ದು ಕಾಣುವ ತಪ್ಪು, ಸಿಕ್ಕಿಬೀಳುತ್ತದೆ. ಕಾಣದ ತಪ್ಪು ಇನ್ನೂ ಕೆಟ್ಟದ್ದು: ಕಾಸ್ ಎಕ್ಸ್ = ಎಕ್ಸ್ × ಇ^ಎಕ್ಸ್ ಎಂಬುದು ನ್ಯೂಟನ್-ರಾಫ್ಸನ್‌ಗೂ ರೆಗ್ಯುಲಾ ಫಾಲ್ಸಿಗೂ ಪದೇ ಪದೇ ಬರುವ ಪ್ರಶ್ನೆ, ಬೇರು 0 ಮತ್ತು 1ರ ನಡುವೆ. ರೇಡಿಯನ್‌ನಲ್ಲಿ ಸರಿಯುತ್ತರ 0.5178. ಡಿಗ್ರಿಯಲ್ಲಿ ಕಾಸ್ ಬೆಲೆ ಹೆಚ್ಚುಕಡಿಮೆ 1 ಆಗಿಬಿಡುವುದರಿಂದ 0.5671ಕ್ಕೆ ಬಂದು ನಿಲ್ಲುತ್ತದೆ. ಅದೂ 0 ಮತ್ತು 1ರ ನಡುವೆಯೇ, ಸುತ್ತುಗಳೂ ಚೆಂದಾಗಿ ಒಂದೇ ಬೆಲೆಗೆ ಕೂಡುತ್ತವೆ, ಅನುಮಾನವೇ ಬರುವುದಿಲ್ಲ. ಆದ್ದರಿಂದ ಗಣಿತದ ಪೇಪರ್ ಕೈಗೆ ಬಂದ ಕೂಡಲೇ ಸ್ಕ್ರೀನಿನ ಮೇಲಂಚು ನೋಡುವ ರೂಢಿ ಮಾಡಿಕೊಳ್ಳಿ.

ಇನ್ನೊಂದು ಸೆಟ್ಟಿಂಗ್: ಶಿಫ್ಟ್, ಮೋಡ್, 8, 2. ಇದು ನಾರ್ಮ್ 2. ಹೀಗೆ ಮಾಡದಿದ್ದರೆ 0.001 ಎಂಬುದು 1 × 10⁻³ ಎಂದು ಬರುತ್ತಿರುತ್ತದೆ, ನೋಡಿ ಬರೆದುಕೊಳ್ಳುವಾಗ ಘಾತ ಬಿಟ್ಟುಹೋಗುತ್ತದೆ. ನಾಲ್ಕು ದಶಮಾಂಶ ಕೇಳಿದ್ದರೆ ಫಿಕ್ಸ್ 4 ಇಡಬಹುದು (ಶಿಫ್ಟ್, ಮೋಡ್, 6, 4). ಆದರೆ ಅದು ತೋರಿಸುವುದನ್ನು ಮಾತ್ರ ಮೊಟಕು ಮಾಡುತ್ತದೆ, ಒಳಗೆ ಪೂರ್ತಿ ಬೆಲೆ ಇರುತ್ತದೆ. ಕಂಡ ನಾಲ್ಕು ಅಂಕಿಯನ್ನು ಮತ್ತೆ ಟೈಪ್ ಮಾಡಿ ಮುಂದಿನ ಸುತ್ತಿಗೆ ಹೋದರೆ ಕೊನೆಯ ಅಂಕಿ ಜಾರುತ್ತದೆ. ಮುಂದೆ ಒಯ್ಯುವ ಬೆಲೆಯನ್ನು ಆನ್ಸ್ ಬಟನ್‌ನಿಂದ ಅಥವಾ ಶಿಫ್ಟ್-ಆರ್‌ಸಿಎಲ್ ಒತ್ತಿ ಎ, ಬಿ, ಸಿ ಯಲ್ಲಿ ಇಟ್ಟು ತೆಗೆಯಬೇಕು.

ಈಗ ಅಸಲು ವಿಷಯ. ಮೊದಲ ವರ್ಷದ ಗಣಿತದಲ್ಲಿ ಈ ಯಂತ್ರ ತನ್ನ ಬೆಲೆ ತೀರಿಸುವುದು ನ್ಯೂಮರಿಕಲ್ ಮೆಥಡ್ಸ್‌ನಲ್ಲಿ ಮತ್ತು ಲೀನಿಯರ್ ಆಲ್ಜಿಬ್ರಾದಲ್ಲಿ.

ನ್ಯೂಟನ್-ರಾಫ್ಸನ್ ತೆಗೆದುಕೊಳ್ಳಿ. ಎಕ್ಸ್³ − 2ಎಕ್ಸ್ − 5 = 0, ಆರಂಭ 2. ಮೊದಲು 2 ಹಾಕಿ ಈಕ್ವಲ್ಸ್ ಒತ್ತಿ, ಈಗ ಆನ್ಸ್‌ನಲ್ಲಿ 2 ಕೂತಿದೆ. ಆಮೇಲೆ ಆನ್ಸ್ − (ಆನ್ಸ್³ − 2ಆನ್ಸ್ − 5) ÷ (3ಆನ್ಸ್² − 2) ಎಂದು ಒಂದೇ ಸಲ ಟೈಪ್ ಮಾಡಿ, ಈಕ್ವಲ್ಸ್ ಒತ್ತುತ್ತಾ ಹೋಗಿ: 2.1, 2.0946, 2.0946. ದಶಮಾಂಶದ ಬದಲು ಭಿನ್ನರಾಶಿ ಬಂದರೆ ಎಸ್-ಡಿ ಬಟನ್ ಒತ್ತಿ. ಕೈಯಲ್ಲಿ ಎಂಟು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಬರುತ್ತದೆ. ಆದರೆ ಬರೀ ಈ ಮೂರು ಬೆಲೆ ಬರೆದರೆ ಪೂರ್ತಿ ಅಂಕ ಸಿಗುವುದಿಲ್ಲ. ಸೂತ್ರ, ಫಂಕ್ಷನ್ ಮತ್ತು ಅದರ ಡೆರಿವೇಟಿವ್, ಪ್ರತಿ ಸುತ್ತಿನಲ್ಲಿ ಬೆಲೆ ಹಾಕಿದ ಸಾಲು ಎಲ್ಲವೂ ಹಾಳೆಯ ಮೇಲೆ ಇರಬೇಕು, ವ್ಯಾಲ್ಯುಯೇಟರ್ ಅಂಕ ಹಾಕುವುದು ಆ ಸಾಲುಗಳಿಗೆ. ಉಳಿಸಿದ ಏಳು ನಿಮಿಷವನ್ನು ಅಲ್ಲಿಗೇ ಹಾಕಿ. ಉತ್ತರ ಸರಿಯೇ ಎಂದು ನೋಡಲು ಮೋಡ್, 5, 4 ಒತ್ತಿ ಕ್ಯೂಬಿಕ್ ಸಮೀಕರಣದ ಗುಣಾಂಕ 1, 0, −2, −5 ಹಾಕಿದರೆ ಮೂರೂ ಬೇರು ಬರುತ್ತವೆ. ಕಾಸ್, ಇ^ಎಕ್ಸ್ ಇರುವ ಸಮೀಕರಣಕ್ಕೆ ಶಿಫ್ಟ್-ಕ್ಯಾಲ್ಕ್, ಅಂದರೆ ಸಾಲ್ವ್. ಅದು ನೀವು ಕೊಟ್ಟ ಆರಂಭದ ಬೆಲೆಯ ಆಸುಪಾಸಿನ ಒಂದು ಬೇರನ್ನು ಮಾತ್ರ ಕೊಡುತ್ತದೆ.

ಆರ್‌ಕೆ (ರುಂಗೆ-ಕುಟ್ಟಾ) ನಾಲ್ಕನೇ ಆರ್ಡರ್‌ಗೆ ಕ್ಯಾಲ್ಕ್ ಬಟನ್ ಇದ್ದರೆ ಬೇರೆ ಏನೂ ಬೇಡ. ಡೆರಿವೇಟಿವ್ ಎಕ್ಸ್ + ವೈ, ವೈ(0) = 1, ಎಚ್ = 0.1 ಎನ್ನೋಣ. 0.1(ಎಕ್ಸ್ + ವೈ) ಟೈಪ್ ಮಾಡಿ ಕ್ಯಾಲ್ಕ್ ಒತ್ತಿದರೆ ಎಕ್ಸ್ ಎಷ್ಟು, ವೈ ಎಷ್ಟು ಎಂದು ಕೇಳುತ್ತದೆ. 0 ಮತ್ತು 1 ಕೊಟ್ಟರೆ ಕೆ1 = 0.1. ಮತ್ತೆ ಕ್ಯಾಲ್ಕ್, 0.05 ಮತ್ತು 1.05 ಕೊಟ್ಟರೆ ಕೆ2 = 0.11. ಮುಂದೆ 0.05 ಮತ್ತು 1.055, ಕೆ3 = 0.1105. ಕೊನೆಗೆ 0.1 ಮತ್ತು 1.1105, ಕೆ4 = 0.12105. ನಡುವಿನ ಎರಡನ್ನು ದುಪ್ಪಟ್ಟು ಮಾಡಿ ಕೂಡಿಸಿ ಆರರಿಂದ ಭಾಗಿಸಿದರೆ 0.1103, ವೈ(0.1) = 1.1103. ಇಲ್ಲಿ ಜನ ಎಡವುವುದು ಕೆ4ರಲ್ಲಿ: ಅಲ್ಲಿಯೂ ಅರ್ಧ ಕೆ3 ಕೂಡಿಸಿಬಿಡುತ್ತಾರೆ. ಆ ತಪ್ಪನ್ನು ಕ್ಯಾಲ್ಕುಲೇಟರ್ ಹಿಡಿಯುವುದಿಲ್ಲ. ಮಿಲ್ನೆ ವಿಧಾನಕ್ಕೂ ಇದೇ ಕ್ಯಾಲ್ಕ್ ದಾರಿ, ಫಂಕ್ಷನ್ ಬೆಲೆಗಳೆಲ್ಲ ಒಂದೇ ಟೈಪಿಂಗ್‌ನಲ್ಲಿ ಬರುತ್ತವೆ.

ಸಿಂಪ್ಸನ್ ನಿಯಮಕ್ಕೆ ಮೋಡ್ 7, ಟೇಬಲ್. ಮೇಲಿನ 1 ÷ (1 + ಎಕ್ಸ್²) ಅನ್ನೇ ಆರು ಭಾಗ ಮಾಡಿ ಎಂದಿದ್ದರೆ ಸ್ಟಾರ್ಟ್ 0, ಎಂಡ್ 1, ಸ್ಟೆಪ್ 1 ÷ 6 ಕೊಡಿ. ಎರಡನೇ ಫಂಕ್ಷನ್ ಕೇಳಿದರೆ ಸುಮ್ಮನೆ ಈಕ್ವಲ್ಸ್ ಒತ್ತಿ ಮುಂದೆ ಹೋಗಿ. 1, 0.9730, 0.9, 0.8, 0.6923, 0.5902, 0.5 ಎಂದು ಏಳು ಬೆಲೆ ಸಾಲಾಗಿ ನಿಲ್ಲುತ್ತವೆ, ಹಾಳೆಗೆ ಇಳಿಸಿಕೊಂಡರೆ ಕೋಷ್ಟಕ ಸಿದ್ಧ. ಒಂದು-ಮೂರನೇ ನಿಯಮದಿಂದ 0.7854. ಇಂಟಿಗ್ರಲ್ ಬಟನ್ ಉತ್ತರದ ಜೊತೆ ತಾಳೆ ನೋಡಿ: ಮೊದಲ ಎರಡು ದಶಮಾಂಶದಲ್ಲೇ ಬೇರೆ ಬಂದರೆ ಸೂತ್ರದಲ್ಲಿ 4ರಿಂದ ಮತ್ತು 2ರಿಂದ ಗುಣಿಸುವ ಗುಂಪು ಅದಲುಬದಲಾಗಿದೆ ಎಂದು ತಿಳಿಯಿರಿ.

ಗೌಸ್-ಸೀಡೆಲ್‌ನಲ್ಲಿ ಇದರ ಇನ್ನೊಂದು ಶಕ್ತಿ ಗೊತ್ತಾಗುತ್ತದೆ. 20ಎಕ್ಸ್ + ವೈ − 2ಜಡ್ = 17, 3ಎಕ್ಸ್ + 20ವೈ − ಜಡ್ = −18, 2ಎಕ್ಸ್ − 3ವೈ + 20ಜಡ್ = 25. ಇದರಲ್ಲಿ ಜಡ್ ಬಟನ್ ಇಲ್ಲ, ಆದ್ದರಿಂದ ಎ, ಬಿ, ಸಿ ಬಳಸಿ ಒಂದೇ ಸಾಲಿನಲ್ಲಿ ಹೀಗೆ ಟೈಪ್ ಮಾಡಿ: ಎ = (17 − ಬಿ + 2ಸಿ) ÷ 20 : ಬಿ = (−18 − 3ಎ + ಸಿ) ÷ 20 : ಸಿ = (25 − 2ಎ + 3ಬಿ) ÷ 20. ನಡುವಿನ ಈಕ್ವಲ್ಸ್ ಚಿಹ್ನೆ ಆಲ್ಫಾ-ಕ್ಯಾಲ್ಕ್‌ನಿಂದ, ಎರಡು ಚುಕ್ಕಿ ಆಲ್ಫಾ-ಇಂಟಿಗ್ರಲ್‌ನಿಂದ ಬರುತ್ತದೆ. ಕ್ಯಾಲ್ಕ್ ಒತ್ತಿ, ಕೇಳಿದ್ದಕ್ಕೆಲ್ಲ 0 ಕೊಟ್ಟು, ಆಮೇಲೆ ಬರೀ ಈಕ್ವಲ್ಸ್ ಒತ್ತಿ. ಮೊದಲ ಸುತ್ತು 0.85, −1.0275, 1.0109. ಎರಡನೆಯದು 1.0025, −0.9998, 0.9998. ಮೂರನೆಯದರಲ್ಲಿ 1, −1, 1ಕ್ಕೆ ಬಂದು ಕೂಡುತ್ತದೆ. ತಾಳೆ ನೋಡಲು ಮೋಡ್, 5, 2. ಸುತ್ತು ಕೂಡುವ ಬದಲು ಬೆಲೆ ಬೆಳೆಯುತ್ತಾ ಹೋದರೆ ಯಂತ್ರದ ತಪ್ಪಲ್ಲ, ದೊಡ್ಡ ಗುಣಾಂಕ ಕರ್ಣದ ಮೇಲೆ ಬರುವಂತೆ ಸಮೀಕರಣಗಳನ್ನು ಜೋಡಿಸಿಲ್ಲ ಎಂದರ್ಥ.

ರೇಲಿ ಪವರ್ ಮೆಥಡ್‌ಗೆ (ಮ್ಯಾಟ್ರಿಕ್ಸ್‌ನ ಅತಿ ದೊಡ್ಡ ಐಗನ್ ವ್ಯಾಲ್ಯೂ ಹುಡುಕುವ ವಿಧಾನ) ಮೋಡ್ 6. ಮ್ಯಾಟ್ರಿಕ್ಸ್ ಎ ಯಲ್ಲಿ 3×3, ಬಿ ಯಲ್ಲಿ 3×1 ಆರಂಭದ ವೆಕ್ಟರ್. ಶಿಫ್ಟ್-4ರಿಂದ ಎರಡನ್ನೂ ತಂದು ಗುಣಿಸಿ, ಬಂದದ್ದನ್ನು ದೊಡ್ಡ ಬೆಲೆಯ ವಿಲೋಮದಿಂದ ಗುಣಿಸಿ (ನೇರ ಭಾಗಾಕಾರಕ್ಕೆ ಹೋಗಬೇಡಿ), ಮತ್ತೆ ಎ ಯಿಂದ ಗುಣಿಸಿ. ಕರ್ಣದ ಮೇಲೆ 2, ಅಕ್ಕಪಕ್ಕ −1, ಮೂಲೆಯಲ್ಲಿ 0 ಇರುವ ಪ್ರಸಿದ್ಧ ಮ್ಯಾಟ್ರಿಕ್ಸ್‌ನಲ್ಲಿ (1, 0, 0) ಇಂದ ಹೊರಟರೆ 2, 2.5, 2.8 ಎಂದು ಮೂರು ಸುತ್ತು ಮೊದಲ ಸ್ಥಾನದ ಬೆಲೆಯೇ ಹೊರಬರುತ್ತದೆ. ನಾಲ್ಕನೇ ಸುತ್ತಿನಲ್ಲಿ 3, −3.43, 1.86 ಬರುತ್ತದೆ. ಇಲ್ಲಿ ರೂಢಿಯಂತೆ ಮೊದಲನೆಯದನ್ನೇ ಹೊರತೆಗೆಯುವವರು ದಾರಿ ತಪ್ಪುತ್ತಾರೆ. ಚಿಹ್ನೆ ಬಿಟ್ಟು ನೋಡಿದರೆ ದೊಡ್ಡದು ನಡುವಿನದು, 3.43 ಹೊರತೆಗೆದು (0.875, −1, 0.54) ಬರೆಯಬೇಕು. ಮುಂದೆ ಸುತ್ತುಗಳು 3.41ರ ಹತ್ತಿರ ನಿಲ್ಲುತ್ತವೆ.

ಇಷ್ಟು ಹೊಗಳಿದ ಮೇಲೆ ಇದರ ಮಿತಿಯನ್ನೂ ನೇರವಾಗಿ ಹೇಳಬೇಕು. ಪೋಲಾರ್ ಕರ್ವ್ಸ್, ಪಾರ್ಶಿಯಲ್ ಡೆರಿವೇಟಿವ್, ಎಕ್ಸಾಕ್ಟ್ ಡಿಫರೆನ್ಷಿಯಲ್ ಈಕ್ವೇಷನ್ ಇವನ್ನು ಇದು ಬಿಡಿಸುವುದಿಲ್ಲ, ಅಕ್ಷರದ ಗಣಿತ ಇದರ ಕೆಲಸವೇ ಅಲ್ಲ. ಮ್ಯಾಟ್ರಿಕ್ಸ್ 3×3ಕ್ಕೆ ಮುಗಿಯುತ್ತದೆ, ರ‍್ಯಾಂಕ್ ಹೇಳುವುದಿಲ್ಲ, 4×4ರ ಎಚೆಲಾನ್ ರೂಪ ಕೈಯಲ್ಲೇ ಆಗಬೇಕು. ಕಂಪ್ಯೂಟರ್ ಸೈನ್ಸ್ ಶಾಖೆಯವರ ಮಾಡ್ಯುಲರ್ ಅರಿತ್ಮೆಟಿಕ್‌ನಲ್ಲಿ ಇದನ್ನು ನಂಬಿ ಕೆಡುವವರು ಬಹಳ. ಸ್ಕ್ರೀನ್ ತೋರಿಸುವುದು ಹತ್ತು ಅಂಕಿ. 5²⁰ ಒತ್ತಿ ಅದರಿಂದ ಶೇಷ ತೆಗೆಯಲು ಹೋದರೆ ಕೊನೆಯ ಅಂಕಿಗಳೇ ಕಾಣುವುದಿಲ್ಲ. ಫರ್ಮಾ ಪ್ರಮೇಯದಿಂದ ಘಾತವನ್ನು ಮೊದಲು ಕೈಯಲ್ಲಿ ಇಳಿಸಿಯೇ ಮುಂದೆ ಹೋಗಬೇಕು.

ಬಿಡಿಸಲು ಬಾರದಿದ್ದರೂ ತಾಳೆ ನೋಡಲು ಬರುತ್ತದೆ, ಇದು ಹೆಚ್ಚು ಜನಕ್ಕೆ ಗೊತ್ತಿಲ್ಲದ ಉಪಯೋಗ. ಲಾಗ್ ಸೆಕ್ ಎಕ್ಸ್‌ನ ಮ್ಯಾಕ್ಲಾರಿನ್ ಶ್ರೇಣಿ ಎಕ್ಸ್²÷2 + ಎಕ್ಸ್⁴÷12 + ಎಕ್ಸ್⁶÷45 ಎಂದು ಬಂತು ಎನ್ನೋಣ. ಎಕ್ಸ್ = 0.5 ಹಾಕಿ: ಶ್ರೇಣಿ 0.13056, ನೇರ ಬೆಲೆ (ರೇಡಿಯನ್‌ನಲ್ಲಿ, ಎಲ್‌ಎನ್ ಬಟನ್‌ನಿಂದ) 0.13058. ಐದನೇ ದಶಮಾಂಶದಲ್ಲಿ ಬಂದ ಇಷ್ಟು ವ್ಯತ್ಯಾಸ ಬಿಟ್ಟ ಪದಗಳದ್ದು. ಒಂದು ಚಿಹ್ನೆ ತಪ್ಪಿದ್ದರೆ ಎರಡನೇ ಮೂರನೇ ದಶಮಾಂಶದಲ್ಲೇ ಗೊತ್ತಾಗುತ್ತಿತ್ತು. ಅರ್ಧ ನಿಮಿಷದ ಕೆಲಸ, ಏಳೆಂಟು ಅಂಕದ ಪ್ರಶ್ನೆ ಗಟ್ಟಿಯಾಗುತ್ತದೆ.

ಫಿಸಿಕ್ಸ್‌ಗೆ ಶಿಫ್ಟ್-7. ನಲವತ್ತು ಸ್ಥಿರಾಂಕ ಒಳಗಿವೆ, ಮುಚ್ಚಳದಲ್ಲಿ ಪಟ್ಟಿಯೂ ಇದೆ. 03 ಎಲೆಕ್ಟ್ರಾನ್ ದ್ರವ್ಯರಾಶಿ, 06 ಪ್ಲಾಂಕ್, 23 ಎಲೆಕ್ಟ್ರಾನ್ ಚಾರ್ಜ್, 25 ಬೋಲ್ಟ್ಸ್‌ಮನ್, 28 ಬೆಳಕಿನ ವೇಗ ಇಷ್ಟು ಸಾಕು. 100 ವೋಲ್ಟ್‌ನಲ್ಲಿ ಓಡಿದ ಎಲೆಕ್ಟ್ರಾನಿನ ಡಿ ಬ್ರಾಯ್ ತರಂಗಾಂತರ ಕೇಳಿದರೆ 06 ÷ ವರ್ಗಮೂಲ (2 × 03 × 23 × 100), ಉತ್ತರ 1.226 × 10⁻¹⁰ ಮೀಟರ್. 10ರ ಘಾತಗಳನ್ನು ಕೈಯಿಂದ ಟೈಪ್ ಮಾಡುವಾಗ ಆಗುವ ತಪ್ಪು ಇಲ್ಲಿ ಇಲ್ಲವೇ ಇಲ್ಲ. ಆದರೆ ಪ್ರಶ್ನೆಪತ್ರಿಕೆಯಲ್ಲೇ ಸ್ಥಿರಾಂಕ ಕೊಟ್ಟಿದ್ದರೆ ಅದನ್ನೇ ಬಳಸಿ, ಹಾಳೆಯ ಮೇಲೆ ಬೆಲೆ ಹಾಕಿದ ಸಾಲು ಬರೆಯಿರಿ.

ಬೇಸಿಕ್ ಎಲೆಕ್ಟ್ರಿಕಲ್‌ಗೆ ಮೋಡ್ 2, ಕಾಂಪ್ಲೆಕ್ಸ್. 230 ವೋಲ್ಟ್, 10 ಓಮ್ ರೆಸಿಸ್ಟೆನ್ಸ್, 10 ಓಮ್ ಇಂಡಕ್ಟಿವ್ ರಿಯಾಕ್ಟೆನ್ಸ್ ಸರಣಿಯಲ್ಲಿ ಇದ್ದರೆ 230 ÷ (10 + 10ಐ) ಒತ್ತಿ, ಆಮೇಲೆ ಶಿಫ್ಟ್, 2, 3, ಈಕ್ವಲ್ಸ್. 16.26 ಆಂಪಿಯರ್, ಕೋನ −45. ಪವರ್ ಫ್ಯಾಕ್ಟರ್ 0.707 ಲ್ಯಾಗಿಂಗ್. ಐ ಇರುವುದು ಇಎನ್‌ಜಿ ಬಟನ್ ಮೇಲೆ. ಇಲ್ಲಿ ಡಿಗ್ರಿ ಬೇಕು, ಗಣಿತಕ್ಕೆ ರೇಡಿಯನ್ ಬೇಕು. ಗಣಿತದ ಪೇಪರ್ ಮುಗಿಸಿ ಬಂದ ಯಂತ್ರವನ್ನೇ ಎಲೆಕ್ಟ್ರಿಕಲ್ ಪೇಪರ್‌ಗೆ ಹಾಗೇ ಒಯ್ದವರಿಗೆ −45ರ ಬದಲು −0.785 ಕಾಣುತ್ತದೆ.

ಟೈಪಿಂಗ್‌ನ ಎರಡು ಹಳ್ಳ. ಮೈನಸ್ 3ರ ವರ್ಗ ಬೇಕಾದರೆ (−3)² ಎಂದೇ ಹಾಕಿ, ಬ್ರ್ಯಾಕೆಟ್ ಬಿಟ್ಟರೆ −9 ಬರುತ್ತದೆ. 1 ÷ 2ಪೈ ಎಂದು ಒತ್ತಿದರೆ ಇದು 1 ÷ (2ಪೈ) ಎಂದು ತೆಗೆದುಕೊಂಡು 0.1592 ಕೊಡುತ್ತದೆ. ನಡುವೆ ಗುಣಾಕಾರ ಚಿಹ್ನೆ ಒತ್ತಿದರೆ ಉತ್ತರವೇ ಬೇರೆ, 1.5708. ಭಾಗಾಕಾರದ ಬದಲು ಭಿನ್ನರಾಶಿ ಬಟನ್ ಬಳಸಿದರೆ ಈ ಗೊಂದಲವೇ ಇರುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇವೆ. ಅರ್ಧ ಕಡಿಮೆ ಮಾಡಿದ್ದು ಮ್ಯಾಟ್ರಿಕ್ಸ್ 3×3ಕ್ಕೆ ನಿಂತದ್ದಕ್ಕೆ, ಮತ್ತು ಮೋಡ್ ಬದಲಿಸಿದ ಕೂಡಲೇ ಹಿಂದಿನ ಲೆಕ್ಕಗಳು ಅಳಿಸಿಹೋಗುವುದಕ್ಕೆ. ಗದಗ, ಹಾವೇರಿಯಿಂದ ಬಂದು ಹಾಸ್ಟೆಲ್‌ನಲ್ಲಿ ಇರುವವರು ಸೀನಿಯರ್‌ಗಳಿಂದ ಹಳೆಯದನ್ನು ಕೊಂಡರೂ ಅಡ್ಡಿಯಿಲ್ಲ. ಅಂಗಡಿಯಲ್ಲಿ ಮಾಡುವ ಆ ಮೂರು ಪರೀಕ್ಷೆ ಮಾಡಿ, ಶಿಫ್ಟ್, 9, 3, ಈಕ್ವಲ್ಸ್ ಒತ್ತಿ ಹಿಂದಿನವರ ಸೆಟ್ಟಿಂಗ್ ಎಲ್ಲ ತೆಗೆದುಹಾಕಿ, ಆಮೇಲೆ ನಿಮ್ಮ ರೇಡಿಯನ್, ನಾರ್ಮ್ 2 ಇಟ್ಟುಕೊಳ್ಳಿ. ಸೆಲ್ ಎಲ್‌ಆರ್44, ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಚೆನ್ನಾಗಿ ನಡೆಯುತ್ತಿದ್ದರೂ ಮೂರು ವರ್ಷಕ್ಕೊಮ್ಮೆ ಬದಲಿಸಿ, ಹಳೆಯ ಸೆಲ್ ಸೋರಿದರೆ ಒಳಗಿನ ತಗಡು ಹಾಳಾಗುತ್ತದೆ. ಪ್ರೋಗ್ರಾಮ್ ಮಾಡುವ ಕ್ಯಾಲ್ಕುಲೇಟರ್‌ಗೆ ಪರೀಕ್ಷೆಯಲ್ಲಿ ಅವಕಾಶ ಇರುವುದಿಲ್ಲ, ಇದು ಆ ಜಾತಿಯದಲ್ಲ. ಆದರೂ ನಿಮ್ಮ ಕಾಲೇಜಿನ ಹಾಲ್ ಟಿಕೆಟ್ ಹಿಂದಿನ ಸೂಚನೆ ಓದಿಕೊಳ್ಳಿ. ಮುಚ್ಚಳದ ಒಳಗೆ ಪೆನ್ಸಿಲ್‌ನಿಂದ ಸೂತ್ರ ಬರೆದದ್ದು ಇದ್ದರೆ ಒರೆಸಿ ಒಯ್ಯಿರಿ. ಹಳೆಯದನ್ನು ಕೊಂಡವರು ಇದನ್ನು ಮೊದಲೇ ನೋಡಬೇಕು, ಏಕೆಂದರೆ ಬರೆದವರು ಯಾರೇ ಇರಲಿ, ಕೇಸ್ ಆಗುವುದು ಕೈಯಲ್ಲಿ ಹಿಡಿದವರ ಮೇಲೆ.